ಎರಡನೇ ನಂಬರಿನ ಗಿಟಾರ್

ನನ್ನ ಕೈಗೂ ತಂಗಿಯ ಭುಜಕ್ಕೂ ನಡುವೆ ಆಗ ಉಳಿದದ್ದು ಒಂದು ಗೇಣು. ಅದನ್ನು ಆಮೇಲೆ ಎಷ್ಟು ಸಲ ಅಳೆದಿದ್ದೇನೋ ಲೆಕ್ಕವಿಲ್ಲ. ಈಗಲೂ ತರಗತಿಯಲ್ಲಿ ಕರಿಹಲಗೆಯ ಮುಂದೆ ನಿಂತಾಗ ಹೆಬ್ಬೆರಳು, ಕಿರುಬೆರಳು ತಾವಾಗಿಯೇ ಅಗಲವಾಗುತ್ತವೆ. ಮಕ್ಕಳು ನೋಡುತ್ತಾರೆ. ನಾನು ಬೇಗ ಚಾಕ್‌ಪೀಸ್ ಹಿಡಿದುಕೊಳ್ಳುತ್ತೇನೆ.

ನಾನು ಚಿತ್ತಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಕರೆಂಟು ಹಿಡಿದವರನ್ನು ಮುಟ್ಟಬಾರದು, ಮೊದಲು ಸ್ವಿಚ್ ಆರಿಸಬೇಕು ಎಂದು ಪ್ರತಿ ವರ್ಷ ಹೇಳಿಕೊಡುತ್ತೇನೆ, ಪರೀಕ್ಷೆಯಲ್ಲಿ ಕೇಳಿ ಅಂಕವನ್ನೂ ಕೊಡುತ್ತೇನೆ. ಆ ಭಾನುವಾರ ಮಧ್ಯಾಹ್ನ ಸ್ವಿಚ್ ನನ್ನ ಕಾಲ ಬಳಿಯೇ ಇತ್ತು. ನಾನು ಕೈ ಚಾಚಿದ್ದು ತಂಗಿಯ ಕಡೆಗೆ.

ತಂಗಿ ವಾಡಿಯಲ್ಲಿ ಅಂಚೆ ಕಚೇರಿಯ ಕೆಲಸದಲ್ಲಿದ್ದಾಳೆ. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ಆ ಮುದುಕಿಯನ್ನು ನಾವಿಬ್ಬರೂ ಆಯಿ ಎನ್ನುತ್ತೇವೆ. ಕಾಲೇಜಿನ ದಿನಗಳಿಂದಲೂ ತಂಗಿಗೆ ಗಿಟಾರಿನ ಆಸೆ. ಮೂವತ್ತೆರಡು ದಾಟಿದ ಮೇಲೆ ಒಂದು ದಿನ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಕೂಲರುಗಳ ನಡುವೆ ಅದು ಕಂಡಿತಂತೆ. ಅಗ್ಗಕ್ಕೆ ಸಿಕ್ಕಿತೆಂದು ಅವತ್ತೇ ಹೆಗಲ ಮೇಲೆ ಹೊತ್ತು ತಂದಳು.

ಕರೆಂಟಿನ ಗಿಟಾರ್ ಎಂದಳು. ನಾನು ನೋಡಿದಾಗ ನಗು ಬಂತು. ಕೈಯಿಂದಲೇ ಬಳಿದ ಕಪ್ಪು ಬಣ್ಣ, ಕಂಪನಿಯ ಹೆಸರು ಇರಬೇಕಾದ ಜಾಗದಲ್ಲಿ ಮರಳು ಕಾಗದ ತಿಕ್ಕಿದ ಗುರುತು. ಅಂಚಿನ ಸುತ್ತ ಕಡಲೆಕಾಳಿನ ಗಾತ್ರದ ಬಣ್ಣದ ದೀಪಗಳು. ಹಿಂಬದಿಯಿಂದ ಒಂದು ಉದ್ದ ವೈರ್ ಹೊರಟು, ಎರಡು ಕಡ್ಡಿಯ ಪ್ಲಗ್ಗಿನಲ್ಲಿ ಕೊನೆಯಾಗುತ್ತಿತ್ತು. ಅದನ್ನು ಬೋರ್ಡಿಗೆ ಹಾಕಿದರೆ ದೀಪಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಶಬ್ದಕ್ಕೆ ಬೇರೆ ತಂತಿ, ಅದು ಅವಳ ಬ್ಯಾಟರಿಯ ಸಣ್ಣ ಸ್ಪೀಕರಿಗೆ.

"ಎಲ್ಲಿಂದು ಇದು?" ಎಂದು ಕೇಳಿದ್ದೆ.

"ಹೈದರಾಬಾದಿಂದಂತ."

"ಹೈದರಾಬಾದಿನವರಿಗೆ ಬ್ಯಾಡಾದದ್ದು ನಿನಗ ಬೇಕಾತೇನ?"

"ನಿನಗ ಬ್ಯಾಡಾದ ಅಂಗಿ ಹತ್ತ ವರ್ಷ ಹಾಕ್ಕೊಂಡೀನಿ. ನನಗ ರೂಢಿ ಅದ," ಎಂದಳು.

ಹದಿನೈದು ದಿನ ಅವಳು ಬಾರಿಸಿದಳು. ಪ್ಲಗ್ಗನ್ನು ಮೊದಲ ದಿನ ನೆಲದ ಮೇಲಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದವಳು ಮತ್ತೆ ಕಿತ್ತಿರಲಿಲ್ಲ, ಸ್ವಿಚ್ ಮಾತ್ರ ಒತ್ತುತ್ತಿದ್ದಳು.

ಆ ಭಾನುವಾರ ನಾನು ಊಟಕ್ಕೆ ಹೋದೆ. ವಾಡಿಯಲ್ಲಿ ಸಿಮೆಂಟಿನ ಧೂಳು ಪಾತ್ರೆಯ ಮೇಲೂ ಕೂರುತ್ತದೆ, ತಲೆಯಲ್ಲೂ ಕೂರುತ್ತದೆ. ತಂಗಿ ಫರಸಿ ಕಲ್ಲಿನ ನೆಲ ಒರೆಸುತ್ತಿದ್ದಳು. ನನ್ನ ಕೈ ಸುಮ್ಮನಿರುವುದಿಲ್ಲ. ಗಿಟಾರನ್ನು ಎತ್ತಿಕೊಂಡೆ, ಪ್ಲಗ್ ಕಿತ್ತೆ, ಒದ್ದೆ ಬಟ್ಟೆಯಿಂದ ವೈರನ್ನು ಉದ್ದಕ್ಕೂ ಒರೆಸಿ ಮತ್ತೆ ಒಣಬಟ್ಟೆಯಿಂದ ಒರೆಸಿದೆ. ಪ್ಲಗ್ಗಿನ ಒಂದು ಮಗ್ಗುಲಿಗೆ ಕೆಂಪು ಚುಕ್ಕೆ ಗಟ್ಟಿಯಾಗಿ ಅಂಟಿತ್ತು. ಯಾವುದೋ ಖಂಡೆ ಪೂಜೆಯ ಕುಂಕುಮ ಎಂದುಕೊಂಡೆ. ದಸರೆಯಲ್ಲಿ ನಮ್ಮ ಕಡೆ ಮಿಕ್ಸರಿಗೂ ಹಚ್ಚುತ್ತೇವೆ, ಬಸ್ಸಿನ ಸ್ಟೇರಿಂಗಿಗೂ ಹಚ್ಚುತ್ತೇವೆ, ನನ್ನ ಶಾಲೆಯ ತಕ್ಕಡಿಗೂ ಹಚ್ಚುತ್ತೇವೆ. ಚಾಕುವಿನ ತುದಿಯಿಂದ ಕೆರೆದು ತೆಗೆದೆ. ಪ್ಲಗ್ ಮತ್ತೆ ಸಿಕ್ಕಿಸಿದೆ. ಯಾವ ಮಗ್ಗುಲು ಮೇಲೆ ಮಾಡಿ ಸಿಕ್ಕಿಸಿದೆ? ಉಳಿದದ್ದೆಲ್ಲ ಕಣ್ಣ ಮುಂದೆ ಬರುತ್ತದೆ. ಅದೊಂದು ಬರುವುದಿಲ್ಲ.

"ಒಂದ ಹಾಡು ಕೇಳಸ್ತೀನಿ ತಡಿ," ಎಂದು ತಂಗಿ ಕೈ ಕೂಡ ಸರಿಯಾಗಿ ಒರೆಸಿಕೊಳ್ಳದೆ ಗಿಟಾರ್ ಎತ್ತಿಕೊಂಡು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಳು. ಎಡಗೈಯ ಬೆರಳುಗಳನ್ನು ತಂತಿಗೆ ಆನಿಸಿದಳು. ನಾನು ಸ್ವಿಚ್ ಒತ್ತಿದೆ. ಹೌದು, ಒತ್ತಿದ್ದೂ ನಾನೇ.

ದೀಪಗಳು ಓಡತೊಡಗಿದವು. ಸ್ಪೀಕರ್ ಗೊರ್ ಎಂದಿತು. ಅವಳ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಬೆರಳುಗಳು ಗಿಟಾರಿನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದಿದ್ದವು. ತಮಾಷೆ ಮಾಡುತ್ತಿದ್ದಾಳೆ ಅನ್ನಿಸಿತು. ಆ ಒಂದು ಗಳಿಗೆ ನಾನು ನಕ್ಕಿದ್ದೆ ಕೂಡ. ಆಮೇಲೆ ಕಣ್ಣು ನೋಡಿದೆ, ಕೈ ಚಾಚಿದೆ.

"ಮುಟ್‌ಬ್ಯಾಡ. ಮುಟ್‌ಬ್ಯಾಡವಾ. ಬೋರ್ಡ್ ಒದಿ."

ಕೂಗಿದ್ದು ಆಯಿ, ಚಟ್ನಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಯಿಗೆ ಅಕ್ಷರ ಬರುವುದಿಲ್ಲ. ನಾನು ಬೋರ್ಡನ್ನು ಕಾಲಿನಿಂದ ಒದ್ದೆ. ಬೋರ್ಡು ಗೋಡೆಗೆ ಬಡಿಯಿತು, ಪ್ಲಗ್ ಕಿತ್ತು ಬಂತು, ತಂಗಿ ಕುಸಿದಳು. ಮೂರು ಸಲ ಉಸಿರಿಗೆ ಬಾಯಿ ಬಿಟ್ಟಳು. ನಾಲ್ಕನೆಯದಕ್ಕೆ ಉಸಿರು ಬಂತು.

ಆಟೋದಲ್ಲಿ ಶಹಾಬಾದಿನ ಆಸ್ಪತ್ರೆಗೆ ಕರೆದೊಯ್ದೆವು. ಎದೆಯ ಬಡಿತ ಸರಿಯಿದೆ, ಎರಡು ದಿನ ಇರಲಿ ಎಂದರು ಡಾಕ್ಟರು. ಎಡಗೈಯ ಮೂರು ಬೆರಳ ಮೇಲೆ ತಂತಿಯಷ್ಟೇ ಸಣ್ಣ ಬಿಳಿ ಗೆರೆಗಳು ಬಿದ್ದಿದ್ದವು. ಅವಳು ಮಲಗಿದಲ್ಲಿಂದಲೇ ಕೇಳಿದಳು.

"ಹದಿನೈದು ದಿನ ಬಾರಿಸೀನಿ ಅಕ್ಕಾ. ಏನೂ ಆಗಿದ್ದಿಲ್ಲ. ಅವತ್ತ ಯಾಕ ಹಂಗ ಆತು?"

"ಹಳೀ ಮಾಲು. ಒಳಗ ಕೆಟ್ಟಿರಬೇಕು."

ಹಾಗೆ ಹೇಳಿದೆನಾದರೂ ಕೂರಲಾಗಲಿಲ್ಲ. ಬುಧವಾರ ಶಾಲೆ ಮುಗಿಸಿ, ಗಿಟಾರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಮತ್ತೆ ಶಹಾಬಾದಿಗೆ ಹೋದೆ. ಅಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಊರಿನವರೆಲ್ಲ ಉಸ್ತಾದ್ ಎನ್ನುತ್ತಾರೆ. ನಾನು ತಂತಿಯನ್ನು ಮುಟ್ಟದೆ ಗಂಟನ್ನು ಅವರ ಮುಂದೆ ದೂಡಿದೆ.

"ಹಾವೇನ್ರಿ ಅದರಾಗ? ಬಿಚ್ಚರಿ," ಎಂದರು. ನಾನು ಬಿಚ್ಚದಿದ್ದಾಗ ತಾವೇ ಬಿಚ್ಚಿದರು. ಹಿಂಬದಿಯ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದು, ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಯಾರ್ ಮಾಡ್ಯಾರ್ರಿ ಇದನ್ನ? ಕೈ ಭಾಳ ಚೊಲೋ ಅದ. ಅಕಲ್ ಅಷ್ಟ ಇಲ್ಲ."

ಬೆರಳಿಟ್ಟು ತೋರಿಸಿದರು. ದೀಪಗಳಿಗೆ ನೇರ ಗೋಡೆಯ ಕರೆಂಟು. ತಂತಿಗಳ ಗುಂಯ್‌ಗುಡುವಿಕೆ ಅಡಗಿಸಲು ಆ ತಂತಿಗಳನ್ನೇ ದೀಪದ ಒಂದು ವೈರಿಗೆ ಬೆಸೆದಿದ್ದಾರೆ. ಪ್ಲಗ್ ಒಂದು ಮಗ್ಗುಲಿಗೆ ಹಾಕಿದರೆ ಆ ವೈರಿನಲ್ಲಿ ನ್ಯೂಟ್ರಲ್ ಇರುತ್ತದೆ, ಮುಟ್ಟಿದರೂ ತಿಳಿಯುವುದಿಲ್ಲ. ತಿರುಗಿಸಿ ಹಾಕಿದರೆ ಅದೇ ವೈರಿಗೆ ಫೇಸ್ ಬರುತ್ತದೆ, ಆರೂ ತಂತಿಗಳಿಗೆ ಪೂರಾ ಕರೆಂಟು. ಉಸ್ತಾದರು ಇದನ್ನು ಎರಡು ಮಾತಿನಲ್ಲಿ ಹೇಳಿದರು. ನನಗೆ ಎರಡನೆಯ ಮಾತು ಬೇಕಾಗಿರಲಿಲ್ಲ. ಕೆರೆದ ಚುಕ್ಕೆಯ ಬಗ್ಗೆ ಇನ್ನೂ ಏನೂ ಹೊಳೆದಿರಲಿಲ್ಲ. ಆದರೆ ಪ್ಲಗ್ ಕಿತ್ತು ಮತ್ತೆ ಹಾಕಿದವಳು ಯಾರೆಂಬುದು ಗೊತ್ತಿತ್ತಲ್ಲ.

"ಇದು ಮನಿ ವೈರಿಂಗ್ ಮಾಡೋನ ಕೆಲಸ ಅಲ್ಲ," ಎಂದರು ಉಸ್ತಾದರು. ಪ್ರತಿ ವೈರಿನ ತುದಿಗೂ ನಂಬರು ಬರೆದ ಬಿಳಿಯ ಪುಟ್ಟ ಕೊಳವೆ ಏರಿಸಿದ್ದರು. "ಹಿಂಗ ನಂಬರ್ ಹಾಕೋರು ಫ್ಯಾಕ್ಟರಿ ಪ್ಯಾನೆಲ್ ಕಟ್ಟೋರು. ಮುಚ್ಚಳ ನೋಡ್ರಿ, ಇದೂ ಪ್ಯಾನೆಲ್ ಮ್ಯಾಲಿನ ಹೆಸರಿನ ಪಟ್ಟಿ ಕತ್ತರಿಸಿ ಮಾಡಿದ್ದು."

ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಒಳಮಗ್ಗುಲಿಗೆ ಕೊರೆದ ಬಿಳಿ ಅಕ್ಷರಗಳು ಅರ್ಧ ಉಳಿದಿದ್ದವು. 'ಕ್ಲಬ್ ಮೇನ್' ಎಂದು ಓದಬಹುದಿತ್ತು. ಅದರ ಕೆಳಗೆ ಬಿಳಿ ಬಣ್ಣದಲ್ಲಿ ಯಾರೋ ನೀಟಾಗಿ ಒಂದು ಅಂಕಿ ಬರೆದಿದ್ದರು. ಎರಡು.

ಉಸ್ತಾದರು ಬೀಡಿ ಹಚ್ಚಲು ಹೋದವರು ಹಾಗೇ ಇಟ್ಟರು. "ಎರಡನೇದು ಇಲ್ಲಿ ಅದ ಅಂದ್ರ, ಒಂದನೇದು ಎಲ್ಲೋ ಇರಬೇಕಲ್ರಿ."

ಅದು ಎಲ್ಲಿದೆ, ಯಾರ ಕೈಯಲ್ಲಿದೆ, ಯಾರ ಮನೆಯ ನೆಲ ಈಗ ಒದ್ದೆಯಾಗಿದೆ? ಅಂದಿನಿಂದ ಇದೊಂದೇ. ಪಾಠ ಮಾಡುವಾಗ, ಅನ್ನಕ್ಕೆ ನೀರು ಇಡುವಾಗ, ಬಸ್ಸಿಗೆ ಕಾಯುವಾಗ. ಗಿಟಾರನ್ನು ಉಸ್ತಾದರಲ್ಲೇ ಬಿಟ್ಟು ಮುಚ್ಚಳವನ್ನು ಮಾತ್ರ ಚೀಲದಲ್ಲಿಟ್ಟುಕೊಂಡು ಗುರುವಾರ ವಾಡಿಯ ಗುಜರಿ ಅಂಗಡಿಗೆ ಹೋದೆ. ಬೀಗ. ಶುಕ್ರವಾರ, ಶನಿವಾರವೂ ಬೀಗ. ಮಾಲೀಕ ಯಾವುದೋ ನಿಶ್ಚಿತಾರ್ಥಕ್ಕೆ ಹೋಗಿದ್ದನಂತೆ. ನಾನು ಆ ಬೀಗವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಬಂದೆ. ಮನೆಯಲ್ಲಿ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಟ್ಟೆ. ಫ್ರಿಜ್ಜಿನಲ್ಲಿದ್ದ ಹಾಲು ಒಡೆಯಿತು.

ಭಾನುವಾರ ಅಂಗಡಿ ತೆರೆದಿತ್ತು. "ಹೈದರಾಬಾದ್ ಮಾಲ್ರಿ ಅದು," ಎಂದ ಆತ ನಾನು ಕೇಳುವ ಮುಂಚೆಯೇ.

ಮುಚ್ಚಳ ತೋರಿಸಿದೆ. ತಂಗಿಯ ಕೈಗೆ ಆದದ್ದು ಹೇಳಿದೆ. ಅವನ ನಗು ಇಳಿಯಿತು.

"ಹೈದರಾಬಾದ್ ಅಂದ್ರ ಮಂದಿ ಎರಡ ಸಲ ನೋಡ್ತಾರ ಬಾಯೋರ. ಖರೆ ಹೇಳ್ತೀನಿ. ಆದಿತ್ಯನಗರದಾಗ ಯಾರೋ ಕ್ವಾರ್ಟರ್ಸ್ ಖಾಲಿ ಮಾಡಿದ್ರು, ಆ ಗಾಡಿಯಾಗ ಬಂದದ್ದು."

"ಒಂದ ಇತ್ತೋ, ಎರಡ ಇದ್ದವೋ?"

"ಒಂದ. ಎರಡ ಇದ್ರ ಎರಡೂ ಮಾರತಿದ್ದಿಲ್ಲೇನ್ರಿ?"

ಮರುದಿನ ಸೋಮವಾರ ರಜೆ ಹಾಕಿ ಬೆಳಿಗ್ಗೆಯೇ ಹೊರಟೆ. ಮಳಖೇಡದ ಹತ್ತಿರದ ಆ ಸಿಮೆಂಟ್ ಫ್ಯಾಕ್ಟರಿಯ ಕಾಲೊನಿಯ ಗೇಟಿನ ಹೊರಗೆ ಚಹದಂಗಡಿಯ ಹೆಂಗಸಿಗೆ ಮುಚ್ಚಳ ತೋರಿಸಿ, ದೀಪದ ಗಿಟಾರ್ ಎಂದೆ ಅಷ್ಟೇ. "ಲೈಟಿನ ಅಣ್ಣಾರು ಮಾಡಿದ್ದಲ್ಲ ಅದು? ರಿಟೈರ್ ಆಗಿ ಸೇಡಂನಾಗ ಮನಿ ಕಟ್ಟ್ಯಾರ," ಎಂದು ಓಣಿಯ ಗುರುತು ಹೇಳಿದಳು. ಚಹ ಕುಡಿಯದೆ ಹೊರಟದ್ದಕ್ಕೆ ಹಿಂದಿನಿಂದ ಬೈದಳು.

ಸೇಡಂನಲ್ಲಿ ಬಾಗಿಲು ತೆರೆದವರು ತೆಳ್ಳಗಿನ ಹಿರಿಯರು. ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ ಇನ್ನೂ ಹಸಿಯಾಗಿತ್ತು. ಹೆಸರು ಕೇಳುವ ಮೊದಲೇ "ಒಳಗ ಬರ್ರಿ, ಕುಂದ್ರಿ," ಎಂದರು. ಮುಚ್ಚಳ ಕೊಟ್ಟಾಗ ಮುಖ ಅರಳಿತು.

"ಇನ್ನೂ ಹತ್ತಾಕತ್ತಾವೇನ್ರಿ ಲೈಟು?"

ಕಾಲೊನಿಯ ಕ್ಲಬ್ಬಿನ ವಾರ್ಷಿಕ ಕಾರ್ಯಕ್ರಮಕ್ಕೆ ಎರಡು ಮಾಡಿದ್ದರಂತೆ. ಹಳೆಯ ಅಗ್ಗದ ಗಿಟಾರುಗಳನ್ನು ಕೊಂಡು, ತಿಕ್ಕಿ ಬಣ್ಣ ಬಳಿದು, ಕೊನೆಯ ಸಾಲಿನವರಿಗೂ ಕಾಣಲೆಂದು ದೀಪ ಕೂರಿಸಿದ್ದರು. ಬ್ಯಾಟರಿ ಹಾಕಿದರೆ ಅರ್ಧ ತಾಸಿಗೆ ಖಾಲಿಯಾಗುತ್ತಿತ್ತು. ಅದಕ್ಕೆ ನೇರ ಕರೆಂಟು. ಅವರು ಹೇಳುತ್ತ ಹೋದರು. ನಾನು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೇಳಿದೆ, ಆಮೇಲೆ ಆದದ್ದು ಹೇಳಿದೆ.

ಅವರು ಮುಚ್ಚಳವನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು.

"ಕೆಂಪು ಚುಕ್ಕಿ ಮ್ಯಾಲ ಮಾಡಿ ಹಾಕಿದ್ದಿಲ್ಲೇನ್ರಿ?"

ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದರು. "ನನ್ನ ನೇಲ್ ಪಾಲಿಶ್ ಬಾಟ್ಲಿ ಖಾಲಿ ಮಾಡಿದ್ರಲ್ಲ, ಅದಕ್ಕೇನು?"

"ಅದಕ್ಕ. ಆ ಚುಕ್ಕಿ ಮ್ಯಾಲ ಇದ್ರ ಏನೂ ಆಗಂಗಿಲ್ಲ. ಎಲ್ಲಾರಿಗೂ ಹೇಳಿದ್ನಿ."

ಎಲ್ಲರಿಗೂ ಎಂದರೆ ಆಗ ಬಾರಿಸುತ್ತಿದ್ದ ಇಬ್ಬರಿಗೆ. ಬಾಯಿಮಾತಿನಲ್ಲಿ. ನನಗೆ ಚಾಕುವಿನ ತುದಿಯ ಕೆಂಪು ಪುಡಿ ನೆನಪಾಯಿತು. ಅದನ್ನು ನಾನು ಊದಿ ಹಾರಿಸಿದ್ದೆ. ಚುಕ್ಕೆ ಹಾಗೇ ಇದ್ದಿದ್ದರೂ ಅದರ ಅರ್ಥ ನನಗೆ ತಿಳಿಯುತ್ತಿರಲಿಲ್ಲ ಎಂದು ಮನಸ್ಸು ಅಲ್ಲೇ ವಾದ ಶುರು ಮಾಡಿತು. ಆ ವಾದ ಇನ್ನೂ ಮುಗಿದಿಲ್ಲ.

"ಒಂದನೇದು ಎಲ್ಲಿ ಅದ?" ಎಂದೆ.

ಚಿಂಚೋಳಿಯ ಒಬ್ಬ ಟೇಲರ್. ಕಾಲೊನಿಯ ನಾಟಕಗಳಿಗೆ ಬಟ್ಟೆ ಹೊಲಿಯಲು ಬರುತ್ತಿದ್ದವನು, ಕೇಳಿದನೆಂದು ಕೊಟ್ಟಿದ್ದರು. ಅವನಿಗೆ ಚುಕ್ಕೆಯ ವಿಷಯ ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಫೋನು ಹಚ್ಚಿದರು. ಆ ನಂಬರು ಈಗ ಯಾರದೂ ಅಲ್ಲ. ಅವರು ಎದ್ದು ಒಳಗೆ ಹೋಗಿ, ಶರ್ಟು ತೊಟ್ಟು, ಜೇಬಿನಲ್ಲಿ ಟೆಸ್ಟರ್ ಮತ್ತು ವೈರು ಕತ್ತರಿಸುವ ಪಕ್ಕಡ ಇಟ್ಟುಕೊಂಡು ಬಂದರು.

"ಊಟ?" ಎಂದರು ಅವರ ಹೆಂಡತಿ.

"ಬಂದು ಮಾಡ್ತೀನಿ."

ಚಿಂಚೋಳಿ ಬಸ್ಸು ಪ್ರತಿ ಹಳ್ಳಿಗೂ ನಿಂತಿತು. ಒಬ್ಬಾಕೆ ಮೂರು ಚೀಲ ಮೆಣಸಿನಕಾಯಿ ಹತ್ತಿಸುವವರೆಗೆ ನಾನು ಸೀಟಿನಿಂದ ಎದ್ದು ನಿಂತೇ ಇದ್ದೆ. "ಕುಂದ್ರಿ ಬಾಯೋರ, ನೀವ್ ನಿಂತ್ರ ಬಸ್ಸೇನು ಓಡಂಗಿಲ್ಲ," ಎಂದ ಕಂಡಕ್ಟರ್. ಕುಳಿತೆ. ಪಕ್ಕದ ಹಿರಿಯರಿಗೆ, ಅವರ ಕಡೆ ನೋಡದೆ, ಹೇಳಿದೆ.

"ಆ ಚುಕ್ಕಿ ಕೆರೆದಾಕಿ ನಾನ. ಕುಂಕುಮ ಅಂತ ತಿಳ್ಕೊಂಡೆ."

ಅವರು ಕಿಟಕಿಯಾಚೆ ನೋಡಿದರು. "ಚುಕ್ಕಿ ಹಚ್ಚಿ ಕೆಲಸ ಮುಗೀತು ಅಂತ ತಿಳ್ಕೊಂಡಾಂವ ನಾನ್ರಿ," ಎಂದರು.

ಟೇಲರ್ ಅಂಗಡಿ ಬಜಾರಿನಲ್ಲೇ ಇತ್ತು. ನಾವು ತಲುಪಿದಾಗ ಮೂರೂವರೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ರವಿಕೆ ಖಣಗಳ ನಡುವೆ, ಅದು ಮಲಗಿತ್ತು. ಅದೇ ಕಪ್ಪು, ಅದೇ ದೀಪಗಳು, ಕುತ್ತಿಗೆಗೆ ಹೊಸ ಸೇವಂತಿಗೆ ಹಾರ. ನನ್ನ ಜೊತೆಗಿದ್ದ ಹಿರಿಯರನ್ನು ಗುರುತಿಸಿ ಟೇಲರ್ ಹೊರಗೆ ಓಡಿಬಂದ.

"ಅಯ್ಯೋ ಅಣ್ಣಾರು. ಬರ್ರಿ, ಬರ್ರಿ. ಶಕುನ ನೋಡ್ರಿ. ಇವತ್ತ ಶ್ರಾವಣ ಸೋಮವಾರ, ಮಠದಾಗ ಭಜನಿ. ಲೈಟ್ ಹಚ್ಚಿ ಬಾರಸು ಅಂದಾರ. ಮೊದಲ್ನೇ ಸಲ."

"ಇಷ್ಟ ದಿನ ಎಲ್ಲಿ ಬಾರಸ್ತಿದ್ದಿ?" ಎಂದರು ಹಿರಿಯರು.

"ಇಲ್ಲೇ ಅಂಗಡ್ಯಾಗ. ಚಪ್ಪಲಿ ಹಾಕ್ಕೊಂಡು. ಚಪ್ಪಲಿ ಬಿಟ್ರ ಝುಮ್ ಅಂತದ ನೋಡ್ರಿ ಅದು. ಗಿಟಾರ್ ಅಂದ್ರ ಹಂಗ ಇರ್ತದ ಅನ್ಕೊಂಡೀನಿ."

"ಮಠದೊಳಗ ಚಪ್ಪಲಿ?" ಎಂದೆ.

"ಮಠದಾಗ ಯಾರಮ್ಮಾ ಚಪ್ಪಲಿ ಹಾಕ್ತಾರ? ಈಗಷ್ಟ ಅಂಗಳ ತೊಳದು ಬಂದೀವಿ."

ಹಿರಿಯರು ಪ್ಲಗ್ಗನ್ನು ಕೈಗೆತ್ತಿಕೊಂಡರು. ನೇಲ್ ಪಾಲಿಶಿನ ಚುಕ್ಕೆ ಹುಡುಕಿದರು. ಪ್ಲಗ್ಗಿನ ನಾಲ್ಕೂ ಮಗ್ಗುಲಿಗೆ ಕೆಂಪು ಇತ್ತು. ಎಷ್ಟೋ ಖಂಡೆ ಪೂಜೆಗಳ ಕುಂಕುಮ, ಎಣ್ಣೆಯಲ್ಲಿ ಕಲಸಿದ್ದು, ಒಂದರ ಮೇಲೊಂದು ದಪ್ಪಗೆ ಕೂತಿತ್ತು. ಅವರ ಚುಕ್ಕೆ ಅದರ ಕೆಳಗೆ ಎಲ್ಲಿತ್ತೋ. ಹೊಲಿಗೆ ಮೆಷಿನ್ನಿಗೂ ಕತ್ತರಿಗೂ ಇಸ್ತ್ರಿಗೂ ಹಾಗೇ ಬೊಟ್ಟು ಇತ್ತು.

ಅವರು ಪ್ಲಗ್ಗನ್ನು ಟೇಲರ್ ತೋರಿಸಿದ ಹಾಗೇ ಗೋಡೆಗೆ ಹಾಕಿ ಸ್ವಿಚ್ ಒತ್ತಿದರು. ದೀಪಗಳು ಓಡತೊಡಗಿದವು. ನಾನು ಮೆಟ್ಟಿಲಿನವರೆಗೆ ಹಿಂದೆ ಸರಿದೆ. ಅವರು ಟೆಸ್ಟರಿನ ತುದಿಯನ್ನು ಮೊದಲನೇ ತಂತಿಗೆ ಮುಟ್ಟಿಸಿದರು. ಹಿಡಿಕೆಯೊಳಗಿನ ಪುಟ್ಟ ಬಲ್ಬು ಕೆಂಪಗೆ ಹತ್ತಿತು. ಎರಡನೆಯದಕ್ಕೂ, ಮೂರನೆಯದಕ್ಕೂ.

ಟೇಲರ್ ತನ್ನ ಕಾಲಿನ ಚಪ್ಪಲಿಗಳನ್ನು ನೋಡಿಕೊಂಡ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹಿರಿಯರು ಜೇಬು ತಡಕಿದರು. ಪಕ್ಕಡ ಬಸ್ಸಿನಲ್ಲೇ ಬಿದ್ದಿತ್ತು.

"ಕತ್ರಿ ಕೊಡು."

"ಬಟ್ಟಿ ಕತ್ರಿ ಕೊಡಂಗಿಲ್ಲ ಅಣ್ಣಾರು, ಧಾರ ಹೋಗ್ತದ," ಎಂದ ಟೇಲರ್, ಆಮೇಲೆ ತಾನೇ ಆ ಕತ್ತರಿಯನ್ನು ನನ್ನ ಕೈಗೆ ಕೊಟ್ಟ. ಹಿರಿಯರಿಗೆ ಕೊಡಲಿಲ್ಲ. ನಾನು ಪ್ಲಗ್ ನೆಲದ ಮೇಲಿದೆಯೆಂದು ಮೂರು ಸಲ ನೋಡಿದೆ, ವೈರ್ ಕತ್ತರಿಸಿದೆ. ಗಿಟಾರಿನ ಬುಡದಲ್ಲಿ ಒಂದು ಸಲ, ಪ್ಲಗ್ಗಿನ ಬುಡದಲ್ಲಿ ಒಂದು ಸಲ. ಆಮೇಲೆ ಉಳಿದ ವೈರನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸುತ್ತ ಹೋದೆ. "ಸಾಕಮ್ಮಾ," ಎಂದು ಟೇಲರ್ ಹೇಳಿದ ಮೇಲೆ ನಿಲ್ಲಿಸಿದೆ.

"ಲೈಟಿಲ್ಲಂದ್ರ ಮಠದಾಗ ಯಾರ್ ನೋಡ್ತಾರ ಇದನ್ನ?" ಎಂದ ಆತ ಕೊನೆಗೆ.

"ಕೇಳ್ತಾರ," ಎಂದರು ಹಿರಿಯರು. ಅವರು ಅಲ್ಲೇ ಕುಳಿತು, ಕಡ ತಂದ ಸ್ಕ್ರೂಡ್ರೈವರಿನಿಂದ ಒಳಗಿನ ಬೆಸುಗೆಗಳನ್ನೂ ಒಂದೊಂದಾಗಿ ಕಿತ್ತರು. ಮುಚ್ಚಳದ ಒಳಗೆ ಬಿಳಿ ಬಣ್ಣದಲ್ಲಿ ಒಂದು ಎಂಬ ಅಂಕಿ ಇತ್ತು.

ಕಾಳಗಿಯ ಬಸ್ಸು ಹಿಡಿದು, ಗುಂಡಗುರ್ತಿ ದಾಟಿ, ಚಿತ್ತಾಪುರಕ್ಕೆ ಬಂದೆ. ನಿರಾಳವಾಗಬೇಕಿತ್ತು. ಆದರೆ ಹುಡುಕುವುದು ಮುಗಿದ ಮೇಲೆ ಉಳಿದದ್ದು ತಂಗಿಯ ಪ್ರಶ್ನೆ. ಮರುದಿನ ವಾಡಿಗೆ ಹೋಗಿ, ಕೂರದೆ, ನಿಂತೇ ಹೇಳಿದೆ. ಪ್ಲಗ್, ಚಾಕು, ಚುಕ್ಕೆ. ಸ್ವಿಚ್ ಒತ್ತಿದ್ದು.

ಅವಳು ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದಳು. "ಆಸ್ಪತ್ರ್ಯಾಗ ಕೇಳಿದಾಗ ನಿನಗ ಗೊತ್ತಿತ್ತೇನ?"

"ಚುಕ್ಕಿದು ಗೊತ್ತಿದ್ದಿಲ್ಲ. ಪ್ಲಗ್ ಕಿತ್ತು ಮತ್ತ ಹಾಕಿದ್ದು ನೆನಪಿತ್ತು."

ಅವಳು ಗೋಡೆಯ ಕಡೆ ತಿರುಗಿದಳು. ಆ ದಿನ ಮತ್ತೆ ಮಾತಾಡಲಿಲ್ಲ. ಮುಂದಿನ ಭಾನುವಾರವೂ ಹೆಚ್ಚಾಗಿ ಮಾತಾಡಲಿಲ್ಲ. ಅದರ ಮುಂದಿನ ವಾರ ನಾನು ಕಿಟಕಿಯ ಧೂಳು ಒರೆಸಲು ಬಟ್ಟೆ ಎತ್ತಿಕೊಂಡಾಗ ಕೂಗಿದಳು. "ಆಯಿ, ಇಕಿ ಕೈಯಾಗಿನ ಅರಬಿ ಕಸಗೋ. ಇನ್ನ ನಮ್ಮ ಮನ್ಯಾಗ ಇಕಿ ಏನೂ ಸ್ವಚ್ಛ ಮಾಡಂಗಿಲ್ಲ."

ಬ್ಯಾಂಡೇಜು ಬಿಚ್ಚಿದ ಮೇಲೆ ಗಿಟಾರ್ ಬೇಕೆಂದಳು. ಉಸ್ತಾದರು ದೀಪ, ವೈರು ಎಲ್ಲ ತೆಗೆದು ತೂತುಗಳಿಗೆ ಮೇಣ ತುಂಬಿ ಕೊಟ್ಟರು. ನಾನು ಅದನ್ನು ದುಪ್ಪಟಿಯಲ್ಲೇ ಸುತ್ತಿ ತಂದು ಮಂಚದ ಮೇಲಿಟ್ಟೆ. ತಂಗಿ ಬಿಚ್ಚಿದಳು, ನನ್ನ ಕಡೆ ಹಿಡಿದಳು.

"ನೀ ಮೊದಲ ಮುಟ್ಟು."

ಅದರಲ್ಲಿ ಈಗ ಕರೆಂಟು ಬರಲು ದಾರಿಯೇ ಇರಲಿಲ್ಲ. ಮರ ಮತ್ತು ಕಬ್ಬಿಣದ ತಂತಿ, ಅಷ್ಟೇ. ಅದು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಕೈ ಚಾಚಿದೆ. ತಂತಿಯಿಂದ ಒಂದು ಗೇಣು ದೂರದಲ್ಲಿ ಅದು ನಿಂತುಬಿಟ್ಟಿತು. ಬಾಗಿಲಲ್ಲಿ ಆಯಿ ಇದ್ದಳು. ಈ ಸಲ ಏನೂ ಹೇಳಲಿಲ್ಲ.

ಮುಟ್ಟಿದೆ. ದಪ್ಪ ತಂತಿ ಮಂದವಾಗಿ ಮಿಡಿಯಿತು.

"ಇನ್ನೊಂದ," ಎಂದಳು ತಂಗಿ.

ಆರೂ ತಂತಿಗಳನ್ನು ಒಂದೊಂದಾಗಿ ಮುಟ್ಟಿಸಿದಳು. ಆಮೇಲೆ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು, ಗೆರೆ ಬಿದ್ದ ಮೂರು ಬೆರಳುಗಳನ್ನು ನಾನು ಮುಟ್ಟಿದ ಜಾಗದಲ್ಲೇ ಇಟ್ಟಳು.